ಅಡಿಟಿಪ್ಪಣಿಯಿಂದ ಅಂಕದವರೆಗೆ: ಉಲ್ಲೇಖಗಳನ್ನು ಎಣಿಸಿದವರ ಕಥೆ

ಕಳೆದ ಚಳಿಗಾಲದಲ್ಲಿ ನನಗೊಂದು ಸಣ್ಣ ಅನುವಾದದ ಕೆಲಸ ಬಂದಿತ್ತು. ನಿವೃತ್ತಿಗೆ ಹತ್ತಿರವಿದ್ದ ಕನ್ನಡದ ಪ್ರಾಧ್ಯಾಪಕರೊಬ್ಬರು ತಮ್ಮ ಸ್ವಮೌಲ್ಯಮಾಪನದ ಅರ್ಜಿಯನ್ನು ಇಂಗ್ಲಿಷಿಗೆ ಮಾಡಿಕೊಡಲು ಕೇಳಿದ್ದರು. ಉತ್ತರ ಕನ್ನಡ ಜಿಲ್ಲೆಯ ಒಂದು ಸಮುದಾಯದ ಆಡುಮಾತಿನ ಮೇಲೆ ಇಪ್ಪತ್ತೈದು ವರ್ಷ ಕೆಲಸ ಮಾಡಿದವರು ಅವರು. ನಾನು ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡುವಾಗ ಅವರ ಪುಸ್ತಕ ನನ್ನ ಮೇಜಿನ ಮೇಲೆ ವರ್ಷವಿಡೀ ಬಿದ್ದಿರುತ್ತಿತ್ತು. ಹಾಗಾಗಿ ಕೆಲಸ ಒಪ್ಪಿಕೊಂಡೆ.

ಅರ್ಜಿಯ ಮೂರನೆಯ ಪುಟದಲ್ಲಿ ಎರಡು ಕಾಲಮ್‌ಗಳು ಖಾಲಿ ಇದ್ದವು. ಫೋನ್ ಮಾಡಿದೆ.

"ಸರ್, ಇಲ್ಲಿ ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್ ಅಂತ ಕೇಳಿದ್ದಾರೆ. ಏನು ಬರೀಲಿ?"

"ನಮ್ಮ ಹುಡುಗರು ಕಂಪ್ಯೂಟರಲ್ಲಿ ನೋಡಿ ಹೇಳಿದರಮ್ಮ. ಒಂದು ಅಂತೆ. ಒಂದೇ ಬರಿ."

"ಅದರ ಕೆಳಗೆ ಸಹಯೋಗ ಅಂತ ಇದೆ. ರಾಷ್ಟ್ರೀಯ, ಅಂತಾರಾಷ್ಟ್ರೀಯ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೆಲಸ ಮಾಡಿದ್ದು ನಾನು, ಮತ್ತೆ ಆ ಊರಿನವರು. ಅವರ ಹೆಸರು ಬರೀಬಹುದಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಈ ಕಾಲಮ್‌ಗಳು ಎಲ್ಲಿಂದ ಬಂದವು, ಯಾರು ಯಾವ ಉದ್ದೇಶಕ್ಕೆ ಇವನ್ನು ಮಾಡಿದರು ಎಂದು ಓದತೊಡಗಿದ್ದು ಆಮೇಲೆ. ಓದುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಉಲ್ಲೇಖಗಳನ್ನು ಒಟ್ಟುಗೂಡಿಸಿದ ಮೊದಲಿಗರ ಉದ್ದೇಶ ಓದುಗರಿಗೆ ದಾರಿ ತೋರಿಸುವುದಾಗಿತ್ತು. ಮನುಷ್ಯರನ್ನು ತೂಗುವ ಆಲೋಚನೆ ಅವರಿಗಿರಲಿಲ್ಲ.

*

ಉಲ್ಲೇಖ ನಮಗೇನೂ ಹೊಸದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡ ಗದ್ಯ ಬರೆದವರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರ ಹೆಸರು ಹೇಳುತ್ತದೆ. ಅವರ ಗದ್ಯ ನಮಗೆ ಸಿಕ್ಕಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ತನ್ನ ವ್ಯಾಕರಣಕ್ಕೆ ಯಾರ ಪ್ರಯೋಗಗಳು ಆಧಾರ ಎಂದು ಕವಿಗಳ ಪಟ್ಟಿಯನ್ನೇ ಕೊಡುತ್ತಾನೆ. ಅದರಲ್ಲಿ ಪಂಪ, ಪೊನ್ನರಿದ್ದಾರೆ. ಅವರನ್ನು ಇಂದಿಗೂ ಓದುತ್ತೇವೆ. ಗಜಗ, ಗುಣನಂದಿಯರೂ ಇದ್ದಾರೆ. ಅವರ ಕಾವ್ಯ ಕಳೆದುಹೋಗಿ ಹೆಸರು ಉಳಿದಿದೆ, ಅದೂ ಇನ್ನೊಬ್ಬ ನೆನೆದದ್ದರಿಂದ.

ಕೇಶಿರಾಜ ಇವರನ್ನು ನೆನೆದದ್ದಕ್ಕೆ ಒಂದು ಸ್ಪಷ್ಟ ಕಾರಣವಿತ್ತು. ಇವರು ಬಳಸಿದ ಕನ್ನಡವೇ ನನ್ನ ಸೂತ್ರಗಳಿಗೆ ಲಕ್ಷ್ಯ ಎಂದು ಆತ ಹೇಳುತ್ತಿದ್ದ. ಅಂದರೆ ಯಾರನ್ನು ನೆನೆದ ಎಂಬುದರ ಜೊತೆಗೆ ಯಾಕೆ ನೆನೆದ ಎಂಬುದೂ ಅಲ್ಲೇ ಇದೆ. ಮುಂದಿನ ಕಥೆಯಲ್ಲಿ ಈ 'ಯಾಕೆ'ಯ ಮೇಲೆ ಒಂದು ಕಣ್ಣಿಟ್ಟಿರಿ.

*

ಉಲ್ಲೇಖಗಳನ್ನು ವ್ಯವಸ್ಥಿತವಾಗಿ ಕಲೆಹಾಕುವ ಕೆಲಸ ವ್ಯಾಪಾರವಾಗಿ ಬೆಳೆದದ್ದು ವಿಜ್ಞಾನದಲ್ಲಲ್ಲ, ವಕೀಲರ ಲೋಕದಲ್ಲಿ. 1873ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ ಅಂಟು ಹಚ್ಚಿದ ಚೀಟಿಗಳನ್ನು ಮಾರತೊಡಗಿದ. ಅಲ್ಲಿನ ನ್ಯಾಯಪದ್ಧತಿಯಲ್ಲಿ, ನಮ್ಮಲ್ಲೂ ಇರುವಂತೆ, ಹಳೆಯ ತೀರ್ಪು ಹೊಸ ಮೊಕದ್ದಮೆಗೆ ಆಧಾರವಾಗುತ್ತದೆ. ಆದರೆ ನೀವು ಆಧಾರವಾಗಿ ಹಿಡಿದ ತೀರ್ಪನ್ನು ನಡುವೆ ಯಾವುದೋ ಮೇಲಿನ ಕೋರ್ಟು ತಳ್ಳಿಹಾಕಿರಬಹುದು. ಅದು ಗೊತ್ತಿಲ್ಲದೆ ವಾದಿಸಿದರೆ ಕಟಕಟೆಯ ಮುಂದೆ ಮಾನ ಹೋಗುತ್ತದೆ. ಶೆಪರ್ಡನ ಚೀಟಿಯಲ್ಲಿ ಆ ತೀರ್ಪನ್ನು ಮುಂದೆ ಎಲ್ಲೆಲ್ಲಿ ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ ಇರುತ್ತಿತ್ತು. ವಕೀಲರು ಅದನ್ನು ತಮ್ಮ ಪುಸ್ತಕದ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದರು. ಮುಂದೆ ಇದೇ ದಪ್ಪ ಸಂಪುಟಗಳಾಗಿ ಬೆಳೆಯಿತು. ತೀರ್ಪಿನ ಜಾತಕ ನೋಡುವುದಕ್ಕೆ 'ಶೆಪರ್ಡೈಸ್' ಎಂಬ ಕ್ರಿಯಾಪದವೇ ಹುಟ್ಟಿಕೊಂಡಿತು.

ಆ ಸಂಪುಟಗಳಲ್ಲಿ ಪ್ರತಿ ಉಲ್ಲೇಖದ ಪಕ್ಕ ಒಂದು ಸಂಕೇತಾಕ್ಷರವೂ ಇರುತ್ತಿತ್ತು. ಮುಂದಿನ ಕೋರ್ಟು ಈ ತೀರ್ಪನ್ನು ಎತ್ತಿಹಿಡಿಯಿತೇ, ಅನುಸರಿಸಿತೇ, ಟೀಕಿಸಿತೇ, ರದ್ದುಗೊಳಿಸಿತೇ ಎಂಬುದನ್ನು ಆ ಅಕ್ಷರ ತಿಳಿಸುತ್ತಿತ್ತು. ಹತ್ತು ಕಡೆ ಉಲ್ಲೇಖವಾಗಿದೆ ಎಂಬುದಷ್ಟರಿಂದ ವಕೀಲನಿಗೆ ಏನೂ ಪ್ರಯೋಜನವಿಲ್ಲ. ಹತ್ತರಲ್ಲಿ ಒಂದು ರದ್ದತಿಯಿದ್ದರೆ ಉಳಿದ ಒಂಬತ್ತೂ ವ್ಯರ್ಥ.

ವಿಜ್ಞಾನದಲ್ಲಿ ಎಣಿಕೆ ಶುರುವಾದದ್ದು ಪುಸ್ತಕದ ಕಪಾಟಿನ ಚಿಂತೆಯಿಂದ. 1927ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು ಒಂದು ಪ್ರಶ್ನೆ ಹಾಕಿಕೊಂಡರು. ಸಣ್ಣ ಕಾಲೇಜಿನ ಬಳಿ ಹಣ ಕಡಿಮೆ. ರಸಾಯನಶಾಸ್ತ್ರದ ಯಾವ ಜರ್ನಲ್‌ಗಳನ್ನು ತರಿಸಿದರೆ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯೋಗ? ಅವರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಜರ್ನಲ್‌ನ 1926ರ ಸಂಪುಟ ತೆಗೆದು, ಅದರ ಅಡಿಟಿಪ್ಪಣಿಗಳಲ್ಲಿದ್ದ 3,633 ಉಲ್ಲೇಖಗಳನ್ನು ಒಂದೊಂದಾಗಿ ಎಣಿಸಿ, ಯಾವ ಜರ್ನಲ್‌ಗೆ ಎಷ್ಟು ಎಂದು ಪಟ್ಟಿ ಮಾಡಿದರು. ರಸಾಯನಶಾಸ್ತ್ರ ಕಲಿಯುವವರಿಗೆ ಜರ್ಮನ್ ಭಾಷೆ ಬರಲೇಬೇಕೆಂಬುದೂ ಆ ಎಣಿಕೆಯಿಂದ ಕಾಣುತ್ತಿತ್ತು. ಅವರು ಎಣಿಸಿದ್ದು ಗ್ರಂಥಾಲಯದ ಬಜೆಟ್ಟಿಗಾಗಿ, ವಿಜ್ಞಾನಿಗಳಿಗೆ ದರ್ಜೆ ಕೊಡುವುದಕ್ಕಲ್ಲ.

*

ಈ ಎರಡು ಎಳೆಗಳನ್ನು ಹೆಣೆದವನು ಯೂಜೀನ್ ಗಾರ್ಫೀಲ್ಡ್. 1925ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಮೊದಲು ರಸಾಯನಶಾಸ್ತ್ರದ ಪದವಿ, ಆಮೇಲೆ ಗ್ರಂಥಾಲಯ ವಿಜ್ಞಾನ. 1961ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್, ಅದೂ ರಾಚನಿಕ ಭಾಷಾವಿಜ್ಞಾನದಲ್ಲಿ! ರಾಸಾಯನಿಕಗಳ ಉದ್ದುದ್ದ ಹೆಸರುಗಳನ್ನು ಯಂತ್ರ ತಾನೇ ಅಣುಸೂತ್ರಕ್ಕೆ 'ಅನುವಾದಿಸುವ' ವಿಧಾನ ಅವನ ಪ್ರಬಂಧದ ವಿಷಯ. ನಮ್ಮ ಪ್ರಾಧ್ಯಾಪಕರಿಗೆ 'ಒಂದು' ಎಂದು ಅಂಕ ಕೊಟ್ಟ ವ್ಯವಸ್ಥೆಯ ಮೂಲಪುರುಷ ನಮ್ಮದೇ ಶಾಸ್ತ್ರದವನು ಎಂದು ತಿಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

1950ರ ದಶಕದ ಆರಂಭದಲ್ಲಿ ಗಾರ್ಫೀಲ್ಡ್ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವೈದ್ಯಕೀಯ ಸಾಹಿತ್ಯಕ್ಕೆ ಯಂತ್ರದ ನೆರವಿನಿಂದ ಸೂಚಿ ಮಾಡುವ ಯೋಜನೆಯೊಂದರಲ್ಲಿದ್ದ. 1953ರಲ್ಲಿ ಅವನಿಗೆ ವಿಲಿಯಂ ಅಡೇರ್ ಎಂಬವರಿಂದ ಒಂದು ಪತ್ರ ಬಂತು. ಶೆಪರ್ಡ್ ಕಂಪನಿಯ ಉಪಾಧ್ಯಕ್ಷರಾಗಿದ್ದು ನಿವೃತ್ತರಾದವರು. ವಕೀಲರು ಇಷ್ಟು ವರ್ಷಗಳಿಂದ ಬಳಸುತ್ತಿರುವ ಪದ್ಧತಿಯನ್ನು ವಿಜ್ಞಾನಕ್ಕೂ ಯಾಕೆ ತರಬಾರದು ಎಂಬುದು ಅವರ ಸಲಹೆ. ಗಾರ್ಫೀಲ್ಡ್ ಅದನ್ನು ಬಿಡಲಿಲ್ಲ. 1955ರ ಜುಲೈನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಿಜ್ಞಾನಕ್ಕೊಂದು ಉಲ್ಲೇಖ ಸೂಚಿ ಬೇಕೆಂದು ಪ್ರಬಂಧ ಬರೆದ.

ಅವನ ವಾದದ ತಿರುಳು ಭಾಷೆಗೆ ಸಂಬಂಧಿಸಿದ್ದು. ಮಾಮೂಲಿ ಸೂಚಿಗಳು ವಿಷಯಪದಗಳ ಮೇಲೆ ನಿಂತಿರುತ್ತವೆ. ಆದರೆ ರಸಾಯನಶಾಸ್ತ್ರಜ್ಞ ಒಂದಕ್ಕೆ ಕೊಡುವ ಹೆಸರು ಬೇರೆ, ಅದನ್ನೇ ಜೀವವಿಜ್ಞಾನಿ ಕರೆಯುವುದು ಬೇರೆ. ಇವತ್ತಿನ ಪದ ನಾಳೆಗೆ ಹಳತಾಗುತ್ತದೆ. ಪದದ ಬೆನ್ನು ಹತ್ತಿದರೆ ಶಾಸ್ತ್ರದ ಗಡಿಯಲ್ಲೇ ನಿಂತುಬಿಡುತ್ತೇವೆ. ಉಲ್ಲೇಖದ ಬೆನ್ನು ಹತ್ತಿದರೆ ಹಾಗಲ್ಲ. ಒಂದು ವಿಚಾರ ಯಾವ ಶಾಸ್ತ್ರಕ್ಕೆ ದಾಟಿ ಹೋಗಿದ್ದರೂ, ಅಲ್ಲಿ ಅದಕ್ಕೆ ಯಾವ ಹೆಸರಿದ್ದರೂ, ಮೂಲವನ್ನು ನೆನೆದಿದ್ದರೆ ಸಾಕು, ಜಾಡು ಸಿಗುತ್ತದೆ. ಹೀಗೆ ಉಲ್ಲೇಖ ಸೂಚಿ ಹುಟ್ಟಿದ್ದೇ ಶಾಸ್ತ್ರಗಳ ನಡುವಿನ ಬೇಲಿ ದಾಟಲು. ಅವನು ಹೇಳಿದ ಇನ್ನೊಂದು ಉಪಯೋಗ ಶೆಪರ್ಡನದೇ: ತಪ್ಪಾದ, ಹಳತಾದ, ಮೋಸದ ಫಲಿತಾಂಶಗಳನ್ನು ಕಣ್ಣು ಮುಚ್ಚಿಕೊಂಡು ಉಲ್ಲೇಖಿಸುವ ಚಟ ತಪ್ಪಬೇಕು.

ಫಿಲಡೆಲ್ಫಿಯಾದಿಂದ ದೂರವಲ್ಲದ ನ್ಯೂಜೆರ್ಸಿಯ ಹಳ್ಳಿಯಲ್ಲಿ, ರಿಪೇರಿ ಮಾಡಿಸಿದ ಕೋಳಿಗೂಡಿನಲ್ಲಿ ಗಾರ್ಫೀಲ್ಡ್ ತನ್ನ ಕಸುಬು ಆರಂಭಿಸಿದ. ತಳಿವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಬೆಂಬಲಕ್ಕೆ ನಿಂತ. 1961ರ ಸಾಹಿತ್ಯವನ್ನು ಒಳಗೊಂಡ ಮೊದಲ 'ಸೈನ್ಸ್ ಸೈಟೇಷನ್ ಇಂಡೆಕ್ಸ್' 1963ರಲ್ಲಿ ಐದು ಸಂಪುಟಗಳಾಗಿ ಬಂತು: 613 ಜರ್ನಲ್‌ಗಳು, ಸುಮಾರು 14 ಲಕ್ಷ ಉಲ್ಲೇಖಗಳು.

ಇಷ್ಟು ದೊಡ್ಡ ಕೆಲಸದಲ್ಲಿ ಒಂದು ಸಣ್ಣ ವಸ್ತು ಕೈಬಿಟ್ಟುಹೋಯಿತು. ಶೆಪರ್ಡನ ಆ ಸಂಕೇತಾಕ್ಷರ. 'ಅ'ನನ್ನು 'ಬ' ಉಲ್ಲೇಖಿಸಿದ್ದಾನೆ ಎಂಬುದು ಉಳಿಯಿತು. ಒಪ್ಪಿಯೋ, ತಿದ್ದಿಯೋ, ಜಗಳವಾಡಿಯೋ ಎಂಬುದು ಬಿದ್ದುಹೋಯಿತು. ಲಕ್ಷಾಂತರ ಪ್ರಬಂಧಗಳನ್ನು ಓದಿ ಪ್ರತಿಯೊಂದಕ್ಕೂ ಅಕ್ಷರ ಹಾಕಲು ಜನ ಎಲ್ಲಿಂದ ಬರಬೇಕು? ಕಾರಣ ಅರ್ಥವಾಗುವಂಥದೇ. ಆದರೂ ವ್ಯಾಕರಣ ಓದಿದವರಿಗೆ ಇದು ಕರ್ತೃ, ಕರ್ಮ ಇಟ್ಟುಕೊಂಡು ಕ್ರಿಯಾಪದ ತೆಗೆದ ವಾಕ್ಯದಂತೆ ಕಾಣುತ್ತದೆ. ಹುಡುಕುವುದಕ್ಕೆ ಅಂಥ ವಾಕ್ಯ ಸಾಕು, ಏಕೆಂದರೆ ಹುಡುಕಿದವನು ಪುಸ್ತಕ ತೆರೆದು ಓದಿಯೇ ಓದುತ್ತಾನೆ. ತೊಂದರೆ ಬಂದದ್ದು ತೆರೆದು ಓದದವರು ಅದನ್ನು ಬಳಸತೊಡಗಿದಾಗ.

*

ಇದೇ ಕಾಲದಲ್ಲಿ ವಿಜ್ಞಾನವನ್ನೇ ಅಳೆಯಬಹುದೆಂದು ಯೋಚಿಸಿದವನು ಡೆರೆಕ್ ಡಿ ಸೊಲ್ಲಾ ಪ್ರೈಸ್. 1940ರ ದಶಕದ ಕೊನೆಯಲ್ಲಿ ಸಿಂಗಪುರದ ರಾಫಲ್ಸ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ, ಲಂಡನ್ನಿನ ರಾಯಲ್ ಸೊಸೈಟಿಯ 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಸಂಪುಟಗಳನ್ನು ಕಾಲಾನುಕ್ರಮದಲ್ಲಿ ಗೋಡೆಗೆ ಒರಗಿಸಿ ಜೋಡಿಸಿದ. ರಾಶಿಗಳ ಎತ್ತರ ಒಂದೇ ಸಮ ಏರುತ್ತಿರಲಿಲ್ಲ, ದುಪ್ಪಟ್ಟಾಗುತ್ತಾ ಹೋಗುತ್ತಿತ್ತು. 1965ರಲ್ಲಿ ಅವನು ಗಾರ್ಫೀಲ್ಡನ ಅಂಕಿಗಳನ್ನು ಹಿಡಿದು ಪ್ರಬಂಧಗಳ ನಡುವಿನ ಬಲೆಯನ್ನು ಬಿಡಿಸಿ ತೋರಿಸಿದ. ಹೆಚ್ಚಿನ ಪ್ರಬಂಧಗಳಿಗೆ ಉಲ್ಲೇಖ ಅತ್ಯಲ್ಪ, ಕೆಲವಕ್ಕೆ ಮಾತ್ರ ರಾಶಿ ರಾಶಿ.

ಗ್ರಂಥಾಲಯದಲ್ಲಿ ಲೆಕ್ಕ ಹಾಕುವ ಈ ವಿಚಾರಕ್ಕೆ ನಮ್ಮ ಕಡೆಯ ಒಂದು ನಂಟಿದೆ. 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ನಡೆದ ಸಮ್ಮೇಳನದಲ್ಲಿ ಎಸ್. ಆರ್. ರಂಗನಾಥನ್ 'ಲೈಬ್ರಮೆಟ್ರಿ' ಎಂಬ ಹೊಸ ಪದ ಮುಂದಿಟ್ಟಿದ್ದರು. ಗ್ರಂಥಾಲಯ ಕ್ಷೇತ್ರಕ್ಕೆ ಬರುವ ಮುನ್ನ ಅವರು ಗಣಿತದ ಮೇಷ್ಟ್ರು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಮಾಡಿದ್ದವರು. 1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಆಂಡ್ ಟ್ರೈನಿಂಗ್ ಸೆಂಟರ್ ಕಟ್ಟಿದರು. 'ಬಿಬ್ಲಿಯೊಮೆಟ್ರಿಕ್ಸ್' ಎಂಬ ಪದ 1969ರಲ್ಲಿ ಅಲನ್ ಪ್ರಿಚರ್ಡ್ ಬಳಸಿದ ಮೇಲೆ ಚಾಲ್ತಿಗೆ ಬಂತು; ಲೈಬ್ರಮೆಟ್ರಿ ಮರೆಯಾಯಿತು. ರಂಗನಾಥನ್ ಅಳೆಯಲು ಹೊರಟದ್ದು ಗ್ರಂಥಾಲಯದ ಸೇವೆಯನ್ನು: ಓದುಗ ಎಷ್ಟು ಹೊತ್ತು ಕಾಯಬೇಕಾಗುತ್ತದೆ, ಪುಸ್ತಕ ಎಷ್ಟು ಓಡಾಡುತ್ತದೆ ಇತ್ಯಾದಿ. ಅಲ್ಲೂ ಅಳತೆಯ ಕೇಂದ್ರದಲ್ಲಿದ್ದದ್ದು ಓದುಗ.

*

ಎಣಿಕೆ ಮನುಷ್ಯರ ಮೇಲೆ ಬಿದ್ದದ್ದು ಎರಡು ಹೆಜ್ಜೆಗಳಲ್ಲಿ.

ಮೊದಲ ಹೆಜ್ಜೆ ಇಂಪ್ಯಾಕ್ಟ್ ಫ್ಯಾಕ್ಟರ್. ತನ್ನ ಸೂಚಿಗೆ ಯಾವ ಜರ್ನಲ್ ಸೇರಿಸಬೇಕು ಎಂದು ತೀರ್ಮಾನಿಸಲು ಗಾರ್ಫೀಲ್ಡ್ ಮತ್ತು ಅವನ ಸಹೋದ್ಯೋಗಿ ಇರ್ವಿಂಗ್ ಶೇರ್ ಮಾಡಿಕೊಂಡ ಲೆಕ್ಕ ಅದು. ಹಿಂದಿನ ಎರಡು ವರ್ಷಗಳಲ್ಲಿ ಒಂದು ಜರ್ನಲ್‌ನಲ್ಲಿ ಬಂದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಎಂದು ನೋಡುವುದು. 1970ರ ದಶಕದಿಂದ ಇದು ಪ್ರತ್ಯೇಕ ವರದಿಯಾಗಿ ಬರತೊಡಗಿತು. ಜರ್ನಲ್‌ನ ಸರಾಸರಿಯನ್ನು ಅದರಲ್ಲಿ ಬರೆದ ವ್ಯಕ್ತಿಗೆ ಹಚ್ಚುವುದು ಹಾಗೆ ಶುರುವಾಯಿತು. ಊರಿನ ತಲಾ ಆದಾಯ ನೋಡಿ ಒಬ್ಬನ ಜೇಬಿನಲ್ಲಿ ಎಷ್ಟಿದೆ ಎಂದು ಹೇಳಿದ ಹಾಗೆ. ಗಾರ್ಫೀಲ್ಡ್ ಸ್ವತಃ ಇದರ ವಿರುದ್ಧ ಮತ್ತೆ ಮತ್ತೆ ಎಚ್ಚರಿಸಿದ. ಅಣುಶಕ್ತಿಯಂತೆ ಇದೂ ಒಳಿತು ಕೆಡುಕು ಎರಡನ್ನೂ ಹೊತ್ತು ಬಂದದ್ದು ಎಂದ.

ಎರಡನೆಯ ಹೆಜ್ಜೆ 2005ರಲ್ಲಿ. ಸ್ಯಾನ್ ಡಿಯಾಗೋದ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಒಂದು ಸರಳ ಅಂಕ ಸೂಚಿಸಿದ. ಒಬ್ಬರ ಪ್ರಬಂಧಗಳಲ್ಲಿ ಹತ್ತಕ್ಕೆ ಕನಿಷ್ಠ ಹತ್ತತ್ತು ಉಲ್ಲೇಖಗಳಿದ್ದು, ಹನ್ನೊಂದಕ್ಕೆ ಹನ್ನೊಂದು ಇಲ್ಲದಿದ್ದರೆ, ಅವರ ಎಚ್-ಇಂಡೆಕ್ಸ್ ಹತ್ತು. ಒಂದೇ ಜನಪ್ರಿಯ ಪ್ರಬಂಧದಿಂದ ಏರುವುದಿಲ್ಲ, ಉಲ್ಲೇಖವಿಲ್ಲದ ಪ್ರಬಂಧಗಳ ರಾಶಿಯಿಂದಲೂ ಏರುವುದಿಲ್ಲ. ಜಾಣ ಅಳತೆಯೇ. ಹಿಂದಿನ ವರ್ಷವಷ್ಟೇ ಸ್ಕೋಪಸ್, ಗೂಗಲ್ ಸ್ಕಾಲರ್ ಎರಡೂ ಬಂದಿದ್ದವು. ಗುಂಡಿ ಒತ್ತಿದರೆ ಯಾರ ಅಂಕ ಬೇಕಾದರೂ ಸಿಗುವ ಕಾಲ ಕೂಡಿಬಂದಿತ್ತು.

ಶಾಸ್ತ್ರದಿಂದ ಶಾಸ್ತ್ರಕ್ಕೆ ಈ ಅಂಕ ಹೋಲಿಸಲಾಗದು ಎಂಬುದು ಹಿರ್ಶ್‌ನ ಮೊದಲ ಪ್ರಬಂಧದಲ್ಲೇ ಕಾಣುತ್ತದೆ. ಆಗ ಭೌತವಿಜ್ಞಾನಿಗಳ ಪೈಕಿ ಮುಂದಿದ್ದ ಎಡ್ವರ್ಡ್ ವಿಟನ್‌ನ ಅಂಕ 110, ಜೀವವಿಜ್ಞಾನದ ಸಾಲಿನಲ್ಲಿ ಮುಂದಿದ್ದ ಸಾಲೊಮನ್ ಸ್ನೈಡರ್‌ನದು 191. ಇದರಿಂದ ಯಾರು ದೊಡ್ಡವರು ಎಂದು ತಿಳಿಯುವುದಿಲ್ಲ. ಜೀವವಿಜ್ಞಾನದಲ್ಲಿ ಬರೆಯುವವರು ಹೆಚ್ಚು, ಪ್ರತಿ ಪ್ರಬಂಧದ ಕೊನೆಯ ಪಟ್ಟಿ ಉದ್ದ, ಕೆಲಸ ಬೇಗ ಹಳತಾಗುತ್ತದೆ. ಗಣಿತದಲ್ಲಿ ಪಟ್ಟಿ ಚಿಕ್ಕದು, ಇಪ್ಪತ್ತು ವರ್ಷದ ಹಿಂದಿನ ಪ್ರಮೇಯ ಇಂದೂ ತಾಜಾ. ಇತಿಹಾಸ, ಸಾಹಿತ್ಯಗಳಲ್ಲಿ ಮುಖ್ಯ ಕೆಲಸ ಪುಸ್ತಕದ ರೂಪದಲ್ಲಿ ಬರುತ್ತದೆ, ಅದನ್ನು ಓದಿ ಅರಗಿಸಿಕೊಳ್ಳಲೇ ಎರಡು ವರ್ಷ ಬೇಕು. ಕಿಲೋದಲ್ಲಿ ಹಾಲು ಅಳೆದು ಲೀಟರಿನಲ್ಲಿ ಅಕ್ಕಿ ಅಳೆದು ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಏನಾಗುತ್ತದೋ ಇಲ್ಲೂ ಅದೇ.

2020ರಲ್ಲಿ ಹಿರ್ಶ್ ತನ್ನ ಅಳತೆಯ ಬಗ್ಗೆ ತಾನೇ ಬರೆದ: ಅದು ಕೆಲವೊಮ್ಮೆ ಸಂಪೂರ್ಣ ಸೋಲುತ್ತದೆ, ನಾನು ಎಣಿಸದಿದ್ದ ಕೆಟ್ಟ ಪರಿಣಾಮಗಳೂ ಆಗಿವೆ ಎಂದು. ಗಾರ್ಫೀಲ್ಡನಂತೆ ಇವನದೂ ತಡವಾಗಿ ಬಂದ ಎಚ್ಚರಿಕೆ.

*

ಕ್ರಿಯಾಪದವಿಲ್ಲದ ಎಣಿಕೆ ಏನೇನು ಮಾಡುತ್ತದೆ ಎಂಬುದಕ್ಕೆ ಮೂರು ಉದಾಹರಣೆ ಸಾಕು.

1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನದ ಮೇಲೆ ಬರೆದ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಅದೇನೂ ದೊಡ್ಡ ಪ್ರಬಂಧವಲ್ಲ ಎಂದು ಲೌರಿಯೇ ಹೇಳಿದ್ದುಂಟು. ಪ್ರಯೋಗಾಲಯಗಳಲ್ಲಿ ಎಲ್ಲರೂ ಆ ವಿಧಾನ ಬಳಸಿದರು, ಬಳಸಿದ್ದನ್ನು ನಮೂದಿಸಿದರು, ಅಷ್ಟೆ.

ಎರಡನೆಯದು 1998ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ, ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ವೇಕ್‌ಫೀಲ್ಡ್ ಪ್ರಬಂಧ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಅದನ್ನು ಖಂಡಿಸಿ ಬರೆದ ಪ್ರತಿಯೊಂದು ಪ್ರಬಂಧವೂ ಅದರ ಉಲ್ಲೇಖವನ್ನು ಒಂದೊಂದು ಏರಿಸಿತು. ವಕೀಲನ ಪುಸ್ತಕದಲ್ಲಾದರೆ ಪಕ್ಕದಲ್ಲೊಂದು ಅಕ್ಷರ ಇರುತ್ತಿತ್ತು.

ಮೂರನೆಯದು ಇದರ ತಿರುವುಮುರುವು. 1928ರಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ 'ನೇಚರ್'ನಲ್ಲಿ ಹೊಸ ಬಗೆಯ ಬೆಳಕಿನ ಚದುರುವಿಕೆಯ ಕುರಿತು ಸಣ್ಣ ಟಿಪ್ಪಣಿ ಬರೆದರು. ಇವತ್ತು ಔಷಧ ಕಾರ್ಖಾನೆಯಿಂದ ರತ್ನದ ಪರೀಕ್ಷೆಯವರೆಗೆ ರಾಮನ್ ಸ್ಪೆಕ್ಟ್ರೋಸ್ಕೋಪಿ ಬಳಸುವವರು ಲೆಕ್ಕವಿಲ್ಲದಷ್ಟು. ಆದರೆ ಅವರಲ್ಲಿ ಹೆಚ್ಚಿನವರ ಪಟ್ಟಿಯಲ್ಲಿ 1928ರ ಟಿಪ್ಪಣಿ ಇರುವುದಿಲ್ಲ. ಕೆಲಸ ಎಷ್ಟು ಒಳಸೇರಿದೆ ಎಂದರೆ ನೆನೆಯುವ ಅಗತ್ಯವೇ ಕಾಣುವುದಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದಕ್ಕೆ ಒಳಸೇರಿ ಅಳಿಸಿಹೋಗುವುದು ಎಂಬರ್ಥದ ಹೆಸರು ಕೊಟ್ಟ. ರಾಮನ್ನರ ಹೆಸರಾದರೂ ವಿಶೇಷಣವಾಗಿ ಉಳಿಯಿತು. ಕೃಷ್ಣನ್ನರದು ಅದೂ ಇಲ್ಲ.

ಮರ್ಟನ್ ಎಂದಾಗ ಇನ್ನೊಂದು ಪ್ರಸಂಗ. ಆಗಲೇ ಹೆಸರಿದ್ದವರಿಗೇ ಮತ್ತಷ್ಟು ಹೆಸರು ಹೋಗಿ ಸೇರುತ್ತದೆ, ಜೊತೆಗೆ ದುಡಿದವರು ಮರೆಗೆ ಸರಿಯುತ್ತಾರೆ ಎಂಬುದನ್ನು ವಿವರಿಸಿ ಅವನು 1968ರಲ್ಲಿ 'ಮ್ಯಾಥ್ಯೂ ಎಫೆಕ್ಟ್' ಎಂಬ ಪ್ರಸಿದ್ಧ ಪ್ರಬಂಧ ಬರೆದ. ಅದರ ಸಾಮಗ್ರಿ ಬಹುಪಾಲು ಹ್ಯಾರಿಯೆಟ್ ಜುಕರ್‌ಮನ್ ನೊಬೆಲ್ ವಿಜೇತರೊಂದಿಗೆ ನಡೆಸಿದ್ದ ಸಂದರ್ಶನಗಳಿಂದ ಬಂದದ್ದು. ಪ್ರಬಂಧದ ಮೇಲೆ ಹೆಸರು ಮರ್ಟನ್‌ನದೊಂದೇ. ಐದು ವರ್ಷದ ನಂತರ, ಅದು ಇಬ್ಬರ ಹೆಸರಿನಲ್ಲಿ ಬರಬೇಕಿತ್ತು ಎಂದು ಅವನೇ ಒಪ್ಪಿಕೊಂಡ, ಒಂದು ಅಡಿಟಿಪ್ಪಣಿಯಲ್ಲಿ. ಎಣಿಸುವ ಯಂತ್ರ ಆ ಅಡಿಟಿಪ್ಪಣಿಯನ್ನು ಓದುವುದಿಲ್ಲ. 1993ರಲ್ಲಿ ಇತಿಹಾಸಕಾರ್ತಿ ಮಾರ್ಗರೆಟ್ ರಾಸಿಟರ್ ಹೀಗೆ ಹೆಣ್ಣುಮಕ್ಕಳ ಕೆಲಸದ ಶ್ರೇಯ ಬೇರೆಯವರ ಪಾಲಾಗುವುದಕ್ಕೆ 'ಮಟಿಲ್ಡಾ ಎಫೆಕ್ಟ್' ಎಂದು ಹೆಸರಿಟ್ಟಳು.

*

ಇನ್ನು ಸಹಯೋಗದ ಕಾಲಮ್ಮು. ಅದರ ಲೆಕ್ಕ ತಮಾಷೆಯಾಗಿ ಆರಂಭವಾಯಿತು. ಹಂಗೇರಿಯ ಗಣಿತಜ್ಞ ಪಾಲ್ ಎರ್ಡೋಶ್ ಮನೆ ಮಾಡದೆ, ಒಂದು ಸೂಟ್‌ಕೇಸ್ ಹಿಡಿದು ಊರೂರು ಸುತ್ತುತ್ತಾ ಐನೂರಕ್ಕೂ ಹೆಚ್ಚು ಜನರ ಜೊತೆ ಪ್ರಬಂಧ ಬರೆದ. ಅವನ ಜೊತೆ ಬರೆದವರಿಗೆ ಎರ್ಡೋಶ್ ಸಂಖ್ಯೆ 1, ಅಂಥವರ ಜೊತೆ ಬರೆದವರಿಗೆ 2. 1969ರಲ್ಲಿ ಕ್ಯಾಸ್ಪರ್ ಗಾಫ್‌ಮನ್ ಇದನ್ನು ಗಣಿತದ ಪತ್ರಿಕೆಯೊಂದರಲ್ಲಿ ವಿನೋದವಾಗಿ ಬರೆದ. ಹೊಸಬರು ಸಿಕ್ಕಾಗ ನೀವು ಯಾರ ಕಡೆಯವರು, ಯಾವ ಊರಿನವರು ಎಂದು ಕೇಳಿ ಸಂಬಂಧ ಹುಡುಕುವ ನಮ್ಮ ಚಾಳಿಗೂ ಇದಕ್ಕೂ ದೂರವಿಲ್ಲ.

2001ರಲ್ಲಿ ಭೌತವಿಜ್ಞಾನಿ ಮಾರ್ಕ್ ನ್ಯೂಮನ್ ಇದನ್ನು ಗಂಭೀರವಾಗಿ ಲೆಕ್ಕ ಹಾಕಿದ. 1995ರಿಂದ 1999ರವರೆಗಿನ ದತ್ತಾಂಶದಲ್ಲಿ ಕಂಪ್ಯೂಟರ್ ವಿಜ್ಞಾನದ ಒಬ್ಬ ಲೇಖಕನಿಗೆ ಸರಾಸರಿ ನಾಲ್ಕಕ್ಕಿಂತ ಕಡಿಮೆ ಸಹಲೇಖಕರು, ಜೈವಿಕ ವೈದ್ಯಕೀಯದಲ್ಲಿ ಸುಮಾರು 18, ಕಣಭೌತವಿಜ್ಞಾನದಲ್ಲಿ 173. ಹೀಗೆಯೇ ಸಾಗಿದರೆ ಒಬ್ಬರೇ ಬರೆದ ಪ್ರಬಂಧ 1980ರ ಹೊತ್ತಿಗೆ ಇಲ್ಲವಾಗುತ್ತದೆ ಎಂದು ಪ್ರೈಸ್ 1963ರಲ್ಲೇ ಬರೆದಿದ್ದ. ಅದು ಪೂರಾ ನಿಜವಾಗಲಿಲ್ಲ. ಆದರೆ 2015ರಲ್ಲಿ ಹಿಗ್ಸ್ ಕಣದ ರಾಶಿಯ ಕುರಿತು ಬಂದ ಪ್ರಬಂಧಕ್ಕೆ 5,154 ಲೇಖಕರಿದ್ದರು. 33 ಪುಟಗಳಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳ ಪಟ್ಟಿ.

ಹೆಸರುಗಳ ಕ್ರಮಕ್ಕೂ ಒಂದೊಂದು ಶಾಸ್ತ್ರದಲ್ಲಿ ಒಂದೊಂದು ರೂಢಿ. ಗಣಿತದಲ್ಲಿ ಅಕಾರಾದಿ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಇವನ್ನೆಲ್ಲ ಒಂದೇ ಸೂತ್ರಕ್ಕೆ ಇಳಿಸಲು ನಮ್ಮ ಯುಜಿಸಿಯ 2010ರ ನಿಯಮಾವಳಿ ಪ್ರಯತ್ನಿಸಿತು. ಜಂಟಿ ಪ್ರಬಂಧವಾದರೆ ಮೊದಲ ಲೇಖಕರೂ ಮಾರ್ಗದರ್ಶಕರೂ ಶೇ. 60 ಅಂಕವನ್ನು ಹಂಚಿಕೊಳ್ಳಬೇಕು, ಉಳಿದ ಶೇ. 40 ಮಿಕ್ಕವರಿಗೆಲ್ಲ ಸಮಪಾಲು. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಹೆಚ್ಚಿದ್ದರೆ ಮೇಲೆ ಹೆಚ್ಚುವರಿ ಅಂಕ. ಆಸ್ತಿ ಪಾಲಾದ ಹಾಗೆ ಪ್ರಬಂಧವೂ ಪಾಲಾಯಿತು.

ಆ ಪಾಲುಪಟ್ಟಿಯಲ್ಲಿ ಯಾರಿಲ್ಲ ಎಂದು ನೋಡಿ. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಕಳಿಸಿದ ಇಂಗ್ಲಿಷ್ ಪ್ರಬಂಧವನ್ನು ಐನ್‌ಸ್ಟೈನ್ ತಾನೇ ಜರ್ಮನ್‌ಗೆ ಅನುವಾದಿಸಿ ಪ್ರಕಟಣೆಗೆ ಕಳಿಸಿದ. ಇದು ಮಹತ್ವದ ಮುನ್ನಡೆ ಎಂದು ಕೊನೆಯಲ್ಲಿ ಅನುವಾದಕನ ಟಿಪ್ಪಣಿ ಸೇರಿಸಿದ. ಲೇಖಕನ ಹೆಸರು ಬೋಸ್ ಒಂದೇ. ಅನುವಾದ ನನ್ನ ಹೊಟ್ಟೆಪಾಡು, ಹಾಗಾಗಿ ಈ ಪ್ರಸಂಗ ನನಗೆ ವಿಶೇಷ ಪ್ರಿಯ. ಇಪ್ಪತ್ತನೆಯ ಶತಮಾನದ ದೊಡ್ಡ ಸಹಯೋಗಗಳಲ್ಲಿ ಒಂದಾದ ಆ ಅನುವಾದಕ್ಕೆ ಸಹಲೇಖಕರ ಲೆಕ್ಕದಲ್ಲಿ ಸೊನ್ನೆ.

ಭಾಷಾವಿಜ್ಞಾನದಲ್ಲಿ ಇದು ಇನ್ನೂ ಹತ್ತಿರದ ಸಂಗತಿ. ಮರೆ ಎಮೆನೋ 1930ರ ದಶಕದಲ್ಲಿ ನೀಲಗಿರಿಗೆ ಬಂದು ಕೋತ ಭಾಷೆಯನ್ನು ದಾಖಲಿಸಿದ. 1944ರಿಂದ ಪ್ರಕಟವಾದ 'ಕೋತ ಟೆಕ್ಸ್ಟ್ಸ್' ಸಂಪುಟಗಳ ಕಥೆಗಳನ್ನು ಹೇಳಿದವನು ಸುಳ್ಳಿ ಎಂಬ ಕೋತ ವ್ಯಕ್ತಿ. ಎಮೆನೋ ಅವನನ್ನು ಮರೆಮಾಚಲಿಲ್ಲ. ಆದರೆ ಗ್ರಂಥಸೂಚಿಯಲ್ಲಿ ಲೇಖಕ ಎಮೆನೋ ಮಾತ್ರ. ತರಗತಿಯಲ್ಲಿ ನಾವು ಅಂಥವರನ್ನು 'ಇನ್‌ಫಾರ್ಮೆಂಟ್' ಎನ್ನುತ್ತಿದ್ದೆವು. ಅವರ ಹೆಸರು ಬರೀಬಹುದಾ ಎಂದು ನನ್ನ ಪ್ರಾಧ್ಯಾಪಕರು ಕೇಳಿದ್ದು ಇವರ ಬಗ್ಗೆಯೇ.

*

ಉಳಿದದ್ದು ಆ 'ಒಂದು'.

ಡಿ. ಎನ್. ಶಂಕರ ಭಟ್ಟರನ್ನು ನೋಡಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಶೋಧನೆ ಮಾಡಿದವರು. ಗುಣವಾಚಕಗಳು, ಕಾಲ-ಸ್ಥಿತಿ-ವಿಧಿಗಳು, ಸರ್ವನಾಮಗಳ ಮೇಲೆ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳನ್ನು ಜಗತ್ತಿನ ಬೇರೆ ಬೇರೆ ಕಡೆಯ ಭಾಷಾವಿಜ್ಞಾನಿಗಳು ಉಲ್ಲೇಖಿಸುತ್ತಾರೆ, ಹಾಗಾಗಿ ಅವು ಲೆಕ್ಕಕ್ಕೆ ಸಿಗುತ್ತವೆ. 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಪುಸ್ತಕದ ಸುತ್ತ ಕನ್ನಡದಲ್ಲಿ ನಡೆದ ವಾದ, ಬೈಗುಳ, ಮೆಚ್ಚುಗೆ ಅಷ್ಟಿಷ್ಟಲ್ಲ. ಆದರೆ ಅದನ್ನು ಉಲ್ಲೇಖಿಸಿದ ಕನ್ನಡ ಲೇಖನಗಳು ಯಾವ ಸೂಚಿಯಲ್ಲೂ ಇಲ್ಲದ ಕಾರಣ ಆ ಗದ್ದಲ ಯಂತ್ರಕ್ಕೆ ಕೇಳಿಸುವುದೇ ಇಲ್ಲ. ಒಬ್ಬರೇ ವ್ಯಕ್ತಿ, ಒಂದೇ ತಲೆ. ಒಂದು ಭಾಷೆಯಲ್ಲಿ ಪ್ರಭಾವಿ, ಇನ್ನೊಂದರಲ್ಲಿ ಅದೃಶ್ಯ. ಮಹಾಪ್ರಾಣ ಬಿಡಬೇಕೆಂಬ ತಮ್ಮ ವಾದಕ್ಕೆ ತಕ್ಕಂತೆ ಅವರು ಹೆಸರನ್ನೂ 'ಬಟ್' ಎಂದು ಬರೆದುಕೊಂಡರು. ಭಟ್, ಭಟ್ಟ, ಬಟ್, ಮುಂದೆ ಎರಡು ಇನಿಷಿಯಲ್ಲು: ಇವರೆಲ್ಲ ಒಬ್ಬರೇ ಎಂದು ಯಂತ್ರಕ್ಕೆ ಯಾರು ಹೇಳಬೇಕು? ಮುಂಬಯಿಯಲ್ಲೋ ದೆಹಲಿಯಲ್ಲೋ ಯಾವುದಾದರೂ ಅರ್ಜಿಯ 'ಸರ್‌ನೇಮ್' ಚೌಕದ ಮುಂದೆ ಊರಿನ ಹೆಸರು ಬರೆಯಲೋ ಅಪ್ಪನ ಹೆಸರು ಬರೆಯಲೋ ಎಂದು ತಡವರಿಸಿದ ನಿಮಗೆ ಇದನ್ನು ವಿವರಿಸಬೇಕಿಲ್ಲ. ವ್ಯಕ್ತಿಗೊಂದು ಸಂಖ್ಯೆ ಕೊಡುವ 'ಆರ್ಕಿಡ್' ವ್ಯವಸ್ಥೆ 2012ರಲ್ಲಿ ಬಂದದ್ದು ಇಂಥ ಗೊಂದಲ ಬಿಡಿಸಲು.

ಈ ಅಳತೆಗಳ ದುರ್ಬಳಕೆಯ ವಿರುದ್ಧ ಮಾತು ಆಡದೇ ಏನಿಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ವಿಜ್ಞಾನಿಗಳು ರೂಪಿಸಿದ 'ಡೋರಾ' ಘೋಷಣೆ, ಜರ್ನಲ್‌ನ ಅಂಕವನ್ನು ವ್ಯಕ್ತಿಗೆ ಹಚ್ಚಬೇಡಿ ಎಂದಿತು. 2015ರ 'ಲೈಡನ್ ಪ್ರಣಾಳಿಕೆ' ಹತ್ತು ಸೂತ್ರಗಳನ್ನು ಕೊಟ್ಟಿತು. ಮೂರನೆಯದು, ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಿ ಎಂಬುದು. ಅದನ್ನು ಬರೆದವರು ಈ ಅಳತೆಗಳ ಕಸುಬಿನವರೇ.

ಹಾಗೆಂದು ಎಲ್ಲ ತಪ್ಪನ್ನೂ ಹೊರಗಿನವರ ಮೇಲೆ ಹಾಕಿ ಕೂರುವಂತಿಲ್ಲ. ಆ ವಾರ ನಾನು ನನ್ನ ಕಪಾಟಿನ ಕನ್ನಡ ಸಂಶೋಧನಾ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಹಲವದರಲ್ಲಿ ಶಬ್ದಸೂಚಿ ಇಲ್ಲ. 'ವಿದ್ವಾಂಸರೊಬ್ಬರು ಹೇಳಿದಂತೆ' ಎಂದಿದೆ, ಯಾವ ವಿದ್ವಾಂಸರು, ಯಾವ ಪುಟ ಎಂದಿಲ್ಲ. ಕೇಶಿರಾಜ ತೋರಿಸಿದ ಮರ್ಯಾದೆಯನ್ನು ನಾವು ಅಷ್ಟಾಗಿ ಪಾಲಿಸಿಲ್ಲ. ಎಣಿಸುವ ಯಂತ್ರ ನಾಳೆ ಕನ್ನಡ ಕಲಿತರೂ ನಮ್ಮಲ್ಲಿ ಅದಕ್ಕೆ ಸಿಗುವುದು ಅರೆಬರೆ. ಅದಕ್ಕಿಂತ ಮುಖ್ಯವಾಗಿ, ಮುಂದೆ ಓದಲು ಬರುವ ಹುಡುಗಿಗೆ ಜಾಡು ಸಿಗುವುದಿಲ್ಲ.

ಕೊನೆಗೆ ಅರ್ಜಿಯಲ್ಲಿ 'ಒಂದು' ಎಂದೇ ಬರೆದೆ. ಸುಳ್ಳು ಹೇಳುವಂತಿರಲಿಲ್ಲ. ಆದರೆ ಪ್ರಾಧ್ಯಾಪಕರ ಒಪ್ಪಿಗೆ ಪಡೆದು ಎರಡು ಪುಟದ ಅನುಬಂಧ ಸೇರಿಸಿದೆ. ಅವರ ಪುಸ್ತಕವನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂದು ನನಗೆ ಸಿಕ್ಕ ಹನ್ನೊಂದು ಕಡೆಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದು ಕ್ರಿಯಾಪದ: ಇವರು ಆಧರಿಸಿದರು, ಇವರು ವಿಸ್ತರಿಸಿದರು, ಇವರು ಒಪ್ಪಲಿಲ್ಲ, ಇವರು ಒಂದು ತಪ್ಪನ್ನು ತಿದ್ದಿದರು. ತಪ್ಪು ತಿದ್ದಿದ್ದನ್ನು ಬಿಡೋಣವೇ ಎಂದು ಕೇಳಿದೆ. "ಇರಲಿ ಬಿಡಮ್ಮ, ಅವನು ಸರಿಯಾಗೇ ತಿದ್ದಿದಾನೆ" ಎಂದರು.

ಸಹಯೋಗದ ಕಾಲಮ್ಮಿನಲ್ಲಿ ಆ ಊರಿನ ಆರು ಜನರ ಹೆಸರು ಬರೆದೆವು. ನಾಲ್ವರು ಈಗಿಲ್ಲ. ಸಂಸ್ಥೆ ಎಂಬಲ್ಲಿ ಊರಿನ ಹೆಸರು, ಹುದ್ದೆ ಎಂಬಲ್ಲಿ ಅವರವರ ಕಸುಬು. ಸಮಿತಿಯವರು ಅದನ್ನು ಓದಿದರೋ ಬಿಟ್ಟರೋ ತಿಳಿಯದು. ಆ ಅರ್ಜಿಯ ಒಂದು ಪ್ರತಿ ಪ್ರಾಧ್ಯಾಪಕರ ಪುಸ್ತಕದೊಳಗೆ, ನನ್ನ ಕಪಾಟಿನಲ್ಲಿದೆ.